ಮೋಡದ ತೂಕ ಕೇಳಿದವಳು

ನನ್ನ ತಂಗಿ ಕ್ರಿಸಾಂತಾಳನ್ನು ಊರವರು ಹೊಗಳುವಾಗಲೂ ಬೈಯುವಾಗಲೂ ಒಂದೇ ಮಾತು ಹೇಳುತ್ತಾರೆ: ‘ಅವಳಿಗೆ ಮೂಗಿನ ತುದಿಯಲ್ಲೇ ಕೋಪ.’ ನಿಜ. ಆದರೆ ಆ ಕೋಪ ಯಾರ ಮೇಲೆ ಹೋಯಿತು, ಯಾಕೆ ಹೋಯಿತು, ಕೊನೆಗೆ ಏನಾಯಿತು ಎಂಬುದನ್ನು ಯಾರೂ ಪೂರ್ತಿ ಹೇಳುವುದಿಲ್ಲ. ನಾನು ಹೇಳಬಲ್ಲೆ, ಏಕೆಂದರೆ ಅರ್ಧ ಜಗಳ ನಡೆದದ್ದೇ ನನ್ನ ಊಟದಂಗಡಿಯಲ್ಲಿ. ನನಗೂ ಇನ್ನೂ ಸಿಟ್ಟು ಇಳಿದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಊರು ಸಾನ್ ಪಾಸ್ಕ್ವಾಲ್. ಪುಯೆಬ್ಲಾ ರಾಜ್ಯದ ಮೂಡಣ ಅಂಚಿನಲ್ಲಿ, ಕ್ವಾತ್ಲಾಪಾ ಬೆಟ್ಟದ ಬುಡದಲ್ಲಿದೆ. ಇಲ್ಲಿ ಆಲೂಗಡ್ಡೆ ಬೆಳೆಯುತ್ತೇವೆ, ಕುರಿ ಸಾಕುತ್ತೇವೆ, ವರ್ಷದ ಮುಕ್ಕಾಲು ಭಾಗ ಗಾಳಿಗೆ ಬೈಯುತ್ತಾ ಕಳೆಯುತ್ತೇವೆ. ನನ್ನ ಹೆಸರು ಫಿದೆನ್ಸಿಯಾ. ಬೆಟ್ಟದ ರಸ್ತೆ ಶುರುವಾಗುವ ತಿರುವಿನಲ್ಲಿ ನನ್ನ ಅಂಗಡಿ. ಮೇಲಕ್ಕೆ ಹೋಗುವವರು ಯಾರೇ ಆಗಲಿ, ನನ್ನ ಕೈಯ ಬೀನ್ಸ್ ಸಾರು, ಮುಸುಕಿನ ಜೋಳದ ಬಿಸಿ ರೊಟ್ಟಿ ತೊರ್ತಿಯಾ ತಿನ್ನದೆ ಗಾಡಿ ಹತ್ತುವುದಿಲ್ಲ.

ಬೆಟ್ಟದ ಮೇಲೆ ವೀಕ್ಷಣಾಲಯ ಕಟ್ಟಲು ಬಂದಾಗ ಕ್ರಿಸಾಂತಾ ಶಾಲೆಯ ಕೊನೆಯ ತರಗತಿಯಲ್ಲಿದ್ದಳು. ಮರ ಕೂಡ ಬೆಳೆಯದ ಎತ್ತರದಲ್ಲಿ ಮನೆಯಷ್ಟು ದೊಡ್ಡ ಉಕ್ಕಿನ ತೊಟ್ಟಿಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳ ತುಂಬ ಶುದ್ಧ ನೀರು ತುಂಬಿಸಿ, ಮುಚ್ಚಳ ಹಾಕಿ ಒಳಗೆ ಕಗ್ಗತ್ತಲು ಮಾಡಿದರು. ನಮ್ಮ ಅಪ್ಪ ತೊಟ್ಟಿಯ ತಗಡು ಹೊರಲು ಕೂಲಿಗೆ ಹೋಗಿದ್ದರು. ಸಂಜೆ ಬಂದು, “ಹಿಮ ಬೀಳೋ ಬೆಟ್ಟಕ್ಕೆ ನೀರು ಹೊರ್ತಾರಲ್ಲೇ, ಇವರಷ್ಟು ಓದಿದ ದಡ್ಡರನ್ನ ನಾನು ಕಂಡಿಲ್ಲ” ಎಂದು ನಗುತ್ತಿದ್ದರು. ಕ್ರಿಸಾಂತಾ ಮಾತ್ರ ನಗಲಿಲ್ಲ. ನನ್ನ ಜೊತೆ ಬುತ್ತಿ ಮಾರಲು ಮೇಲೆ ಬಂದವಳು ಎಂಜಿನಿಯರನ್ನು ಅಡ್ಡಗಟ್ಟಿ, “ಈ ನೀರಲ್ಲಿ ಏನು ಹಿಡೀತೀರಿ, ಮೀನಾ?” ಎಂದು ಕೇಳಿದಳು. ಆತ ಒಳ್ಳೆಯ ಮನುಷ್ಯ. ಆಕಾಶದಿಂದ ಕಣ್ಣಿಗೆ ಕಾಣದ ಗಾಮಾ ಕಿರಣ ಬರುತ್ತದೆ, ಗಾಳಿಗೆ ಬಡಿದು ಕಣಗಳ ಜಡಿಮಳೆಯಾಗುತ್ತದೆ, ಆ ಮಳೆ ತೊಟ್ಟಿಯ ನೀರೊಳಗೆ ನುಗ್ಗಿದಾಗ ನೀಲಿ ಮಿಂಚು ಹೊಡೆಯುತ್ತದೆ, ಅದನ್ನೇ ಹಿಡಿಯುತ್ತೇವೆ ಎಂದು ವಿವರಿಸಿದ. ಅವಳು ಬುತ್ತಿಯ ಬುಟ್ಟಿಯನ್ನು ನನ್ನ ತಲೆಗೆ ಕಟ್ಟಿ ಅವನ ಹಿಂದೆಯೇ ಹೋದಳು.

ಹಾಗೆ ಹೋದವಳು ಪುಯೆಬ್ಲಾ ನಗರದಲ್ಲಿ ಭೌತಶಾಸ್ತ್ರ ಓದಿದಳು, ಡಾಕ್ಟರೇಟ್ ಮುಗಿಸಿದಳು, ಮತ್ತೆ ಅದೇ ಬೆಟ್ಟಕ್ಕೆ ಸಂಶೋಧಕಿಯಾಗಿ ಬಂದಳು. ವರ್ಷಕ್ಕೊಮ್ಮೆ ಮುಂದುವರಿಸುವ ತಾತ್ಕಾಲಿಕ ಕೆಲಸ. ಅವಳ ತಂಡದ ಮುಖ್ಯಸ್ಥರು ಡಾಕ್ಟರ್ ಅರಿಸ್ಮೆಂದಿ. ಬೆಳ್ಳಿಗೂದಲು, ಮೃದು ಮಾತು, ಯಾರ ಹೆಗಲ ಮೇಲಾದರೂ ಕೈ ಹಾಕುವ ಸಲಿಗೆ. ನನ್ನ ಅಂಗಡಿಗೆ ಬಂದರೆ ಅಡುಗೆಮನೆಗೇ ನುಗ್ಗಿ ಪಾತ್ರೆಯ ಮುಚ್ಚಳ ತೆಗೆದು, “ಏನು ಫಿದೆನ್ಸಿಯಾ, ಇವತ್ತೇನು ವಿಶೇಷ?” ಎನ್ನುವವರು. ಊರಿಗೆಲ್ಲ ಅವರೆಂದರೆ ಇಷ್ಟ. ನನಗೂ ಇಷ್ಟವಿತ್ತು.

ಅವಳ ಕೆಲಸ ಏನೆಂದು ನಾನು ಒಮ್ಮೆ ಈರುಳ್ಳಿ ಹೆಚ್ಚುತ್ತಾ ಕೇಳಿದೆ.

“ಅಕ್ಕಾ, ವಿಶ್ವಕಿರಣ ಅಂತ ಇದಾವೆ. ಕಿರಣ ಅಂತಾರೆ ಅಷ್ಟೆ, ನಿಜವಾಗಿ ಅವು ಕಣಗಳು. ನಕ್ಷತ್ರಗಳ ನಡುವೆ ಭಾರೀ ವೇಗದಲ್ಲಿ ಅಲೀತಾ ಇರ್ತಾವೆ. ಎಲ್ಲಿ ಹುಟ್ಟುತ್ತವೆ ಅಂತ ಗೊತ್ತಿಲ್ಲ.”

“ಬಂದ ದಾರಿ ನೋಡಿದ್ರೆ ಆಯ್ತಲ್ಲ?”

“ದಾರಿ ನೆಟ್ಟಗಿಲ್ಲ. ಆಕಾಶದ ತುಂಬಾ ಅಯಸ್ಕಾಂತದ ಎಳೆತ ಇದೆ. ಅವನ್ನ ಅಲ್ಲಿ ತಿರುಗಿಸಿ ಇಲ್ಲಿ ತಿರುಗಿಸಿ, ಕುಡಿದವನು ಮನೆಗೆ ಬಂದ ಹಾಗೆ ನಮ್ಮ ಹತ್ರ ಬರ್ತಾವೆ. ಎಲ್ಲಿ ಕುಡಿದ ಅಂತ ಹೇಗೆ ಹೇಳ್ತೀಯ?”

“ಮತ್ತೆ?”

“ನಕ್ಷತ್ರಗಳ ನಡುವೆ ಅನಿಲದ ಮೋಡಗಳಿವೆ. ಈ ಕಣಗಳು ಹೋಗ್ತಾ ಹೋಗ್ತಾ ಆ ಮೋಡಕ್ಕೆ ಗುದ್ದಿದ್ರೆ ಗಾಮಾ ಕಿರಣ ಹುಟ್ಟುತ್ತೆ. ಅದು ನೆಟ್ಟಗೆ ಬರುತ್ತೆ. ಕತ್ತಲಲ್ಲಿ ಕಳ್ಳ ಕಾಣಲ್ಲ, ಆದ್ರೆ ಹಟ್ಟಿ ನಾಯಿ ಬೊಗಳೋದು ಕೇಳುತ್ತಲ್ಲ, ಹಾಗೆ. ಯಾವ ಹಟ್ಟೀಲಿ ಎಷ್ಟು ಬೊಗಳ್ತು ಅಂತ ಕೇಳಿಸ್ಕೊಂಡ್ರೆ ಅಲ್ಲಿ ಎಷ್ಟು ಕಳ್ಳರು ಓಡಾಡಿದ್ರು ಅಂತ ಹೇಳಬಹುದು.”

ನಾನು ಸ್ವಲ್ಪ ಯೋಚಿಸಿ, “ಹಟ್ಟೀಲಿ ಎಷ್ಟು ನಾಯಿ ಇದೆ ಅಂತ ಗೊತ್ತಿಲ್ದೆ ಹೋದ್ರೆ?” ಎಂದೆ. ಅವಳು ನನ್ನ ಕೆನ್ನೆಗೆ ಈರುಳ್ಳಿ ಕೈಯಲ್ಲೇ ತಟ್ಟಿ, “ಅದೇ ನನ್ನ ತಲೆನೋವು” ಎಂದಳು.

ಆ ತಲೆನೋವು ಮುಂದೆ ಹುಣ್ಣಾಯಿತು. ದಕ್ಷಿಣದ ಆಕಾಶದ ಒಂದು ಮೋಡ ತನ್ನ ತೂಕಕ್ಕೆ ತಕ್ಕದ್ದಕ್ಕಿಂತ ಬಹಳ ಹೆಚ್ಚು ಗಾಮಾ ಕಿರಣ ಸೂಸುತ್ತಿತ್ತು. ಅರಿಸ್ಮೆಂದಿಯವರ ಲೆಕ್ಕ ಸರಳ: ಆ ಮೋಡದ ಪಕ್ಕದಲ್ಲೇ ವಿಶ್ವಕಿರಣಗಳನ್ನು ಹುಟ್ಟಿಸುವ, ಇದುವರೆಗೆ ಯಾರೂ ಕಾಣದ ಮೂಲ ಇದೆ. ಅವರ ಮುಖದಲ್ಲಿ ಹಬ್ಬ. ವೀಕ್ಷಣಾಲಯವನ್ನು ದೊಡ್ಡದು ಮಾಡಿ ಇನ್ನಷ್ಟು ತೊಟ್ಟಿ ನಿಲ್ಲಿಸಲು ಸರ್ಕಾರದ ಒಪ್ಪಿಗೆಗೆ ಅವರು ವರ್ಷಗಳಿಂದ ಓಡಾಡುತ್ತಿದ್ದರು. ಇಂಥ ಸುದ್ದಿ ಬೇಕೇ ಬೇಕಿತ್ತು.

ಕ್ರಿಸಾಂತಾ ಮೋಡದ ತೂಕವನ್ನೇ ಹಿಡಿದು ಕೂತಳು. ಮೋಡದ ಅನಿಲ ಬಹುಪಾಲು ಹೈಡ್ರೋಜನ್. ನಕ್ಷತ್ರಗಳ ನಡುವಿನ ಚಳಿಯಲ್ಲಿ ಅದು ತಾನಾಗಿ ಕಾಣಿಸಿಕೊಳ್ಳುವುದಿಲ್ಲ. ಅದರ ಜೊತೆ ಬೆರೆತ ಇನ್ನೊಂದು ಅನಿಲದ ರೇಡಿಯೊ ಸದ್ದು ಕೇಳಿ ಅಂದಾಜು ಮಾಡುತ್ತಾರೆ. ಮೋಡದ ತೆಳ್ಳನೆಯ ಅಂಚಿನಲ್ಲಿ ಆ ಸದ್ದು ಮಾಡುವ ಅನಿಲವನ್ನು ನಕ್ಷತ್ರದ ಬೆಳಕೇ ಒಡೆದುಹಾಕುತ್ತದೆ. ಹೈಡ್ರೋಜನ್ ಮಾತ್ರ ಮೌನವಾಗಿ ಉಳಿಯುತ್ತದೆ. ಮೋಡದ ಧೂಳನ್ನು ನೋಡಿದರೆ ಆ ಅಡಗಿದ ಅನಿಲದ ಸುಳಿವು ಸಿಗುತ್ತದಂತೆ. ಅವಳು ಧೂಳಿನ ಹಳೆಯ ನಕ್ಷೆ ತೆಗೆದು ಲೆಕ್ಕ ಹಾಕಿದಳು. ಮೋಡ ಅಂದುಕೊಂಡಿದ್ದಕ್ಕಿಂತ ಎಷ್ಟೋ ಭಾರ ಬಂತು. ಹಾಗಾದರೆ ಗಾಮಾ ಕಿರಣವೂ ಹೆಚ್ಚೇ ಇರಬೇಕಲ್ಲ? ಹೊಸ ಮೂಲದ ಅಗತ್ಯವೇ ಇಲ್ಲ.

ಅದನ್ನು ಅವಳು ಅರಿಸ್ಮೆಂದಿಯವರಿಗೆ ಹೇಳಿದ್ದು ನನ್ನ ಅಂಗಡಿಯ ಕಿಟಕಿ ಬದಿಯ ಮೇಜಿನಲ್ಲಿ. ನಾನು ತಟ್ಟೆ ತೆಗೆದುಕೊಂಡು ಅಲ್ಲೇ ನಿಂತಿದ್ದೆ.

“ನೋಡಮ್ಮ ಮಗಳೇ,” ಎಂದರು ಅವರು, ತೊರ್ತಿಯಾ ಮುರಿಯುತ್ತಾ, “ಧೂಳಿನ ನಕ್ಷೆ ಅಂದ್ರೆ ಮಬ್ಬು ಕನ್ನಡಕ. ಅದನ್ನ ನಂಬಿ ಯಾರೂ ಒಳ್ಳೆ ಫಲಿತಾಂಶ ಕೈ ಬಿಡಲ್ಲ.”

“ನಂಬಿ ಅಂತ ನಾನೂ ಹೇಳ್ತಿಲ್ಲ ಡಾಕ್ಟ್ರೇ. ಆಚೆ ಬೆಟ್ಟದ ದೊಡ್ಡ ತಟ್ಟೆ ದೂರದರ್ಶಕದಲ್ಲಿ ಧೂಳು ಸರಿಯಾಗಿ ಅಳೆಸೋಣ. ಅಲ್ಲಿವರೆಗೂ ಸುದ್ದಿ ತಡೀರಿ.”

“ಅದಕ್ಕೆ ಒಂದು ವರ್ಷ ಬೇಕು. ಕೊನೇ ಪುಟದಲ್ಲಿ ಒಂದು ಸಾಲು ಹಾಕೋಣ, ಮೋಡದ ತೂಕದಲ್ಲಿ ಸ್ವಲ್ಪ ಅನುಮಾನ ಇದೆ ಅಂತ. ಸಾಕಲ್ಲ?”

“ಮೊದಲನೇ ಪುಟದಲ್ಲಿ ಹಾಕಿ.”

ಅವರು ನಕ್ಕರು. ಆ ನಗು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ, ಕೂಸು ಮಣ್ಣು ತಿನ್ನುವಾಗ ದೊಡ್ಡವರು ನಗುವ ನಗು. “ಕ್ರಿಸಾಂತಾ, ಆಲೂಗಡ್ಡೆ ಹೊಲದಿಂದ ನಿನ್ನನ್ನ ಇಲ್ಲಿಗೆ ತಂದವರು ನಾವು. ಸ್ವಲ್ಪ ನಂಬಿಕೆ ಇರ್ಲಿ.”

ಅವಳು ಎದ್ದು ನಿಂತಳು. “ತಂದವರು ನೀವಲ್ಲ, ನಮ್ಮಕ್ಕ. ಇಲ್ಲೇ ನಿಂತಿದಾಳೆ, ನಿಮ್ಮ ಎಂಜಲು ತಟ್ಟೆ ಹಿಡ್ಕೊಂಡು. ಮತ್ತೆ, ನಾನು ನಿಮ್ಮ ಮಗಳಲ್ಲ.” ಹೀಗೆಂದು ಹೊರಗೆ ನಡೆದಳು. ಅವರು ನನ್ನ ಕಡೆ ತಿರುಗಿ, “ಬೆಟ್ಟದ ಗಾಳಿ, ತಲೆಗೆ ಹತ್ತುತ್ತೆ” ಎಂದು ಸಾರು ಮುಗಿಸಿದರು. ಒಂದು ಹನಿ ಬಿಡಲಿಲ್ಲ.

ಕೆಲವು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದರೆ ಗೋಡೆಯ ಮೇಲೆ ವೀಕ್ಷಣಾಲಯದ ದೊಡ್ಡ ಪೋಸ್ಟರ್. ಅದರಲ್ಲಿ ನನ್ನ ತಂಗಿ. ಕಸೂತಿ ಹೂವಿನ ಕುಪ್ಪಸ, ಜಡೆಗೆ ಕೆಂಪು ರಿಬ್ಬನ್, ಹಿಂದೆ ಬೆಟ್ಟ. ಮೇಲೆ ದಪ್ಪಕ್ಷರ: ‘ವಿಶ್ವಕಿರಣಗಳ ತೊಟ್ಟಿಲು ಕಂಡ ಬೆಟ್ಟದ ಮಗಳು.’ ಅವಳು ಅಂಥ ಕುಪ್ಪಸ ಹುಟ್ಟಿದಾರಭ್ಯ ಹಾಕಿದವಳಲ್ಲ. ಯಾವುದೋ ಫೋಟೊದಲ್ಲಿದ್ದ ಅವಳ ಬೂದು ಸ್ವೆಟರನ್ನು ಅಳಿಸಿ ಆ ಹೂವು ಬರೆದಿದ್ದರು. ಅವಳನ್ನು ಒಂದು ಮಾತು ಕೇಳಿರಲಿಲ್ಲ.

ಅಮ್ಮ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದಳು. “ಇದ್ಯಾರ ಕುಪ್ಪಸಾನೇ? ಇವಳಿಗೆ ಯಾರು ಹೊಲಿಸಿದ್ರು?”

ಪಕ್ಕದ ಹೊಲದ ಎಲೆಯುತೇರಿಯೊ ಕಾಫಿ ಹೀರುತ್ತಾ, “ತೊಟ್ಟಿಲು ಸಿಕ್ಕಿತಂತೆ. ಮಗು ಯಾವಾಗಂತೆ?” ಎಂದ. ಎಲ್ಲರೂ ಹೋ ಎಂದು ನಕ್ಕರು. ಅಷ್ಟರಲ್ಲಿ ಕ್ರಿಸಾಂತಾ ಬಂದಳು. ಅವಳು ಪೋಸ್ಟರನ್ನು ಒಮ್ಮೆ ಓದಿದಳು. ಮೇಲಿನ ತುದಿ ಹಿಡಿದು ಒಂದೇ ಎಳೆತಕ್ಕೆ ಕಿತ್ತು, ಸುರುಳಿ ಸುತ್ತಿ, ನನ್ನ ಒಲೆಯ ಬಾಯಿಗೆ ತುರುಕಿದಳು. ನಗುತ್ತಿದ್ದವರು ಕಾಫಿ ಲೋಟದತ್ತ ಬಗ್ಗಿದರು.

“ಅಕ್ಕಾ, ನನ್ನ ಲೆಕ್ಕ ಬೇಡ, ನನ್ನ ಅನುಮಾನ ಬೇಡ. ನನ್ನ ಮೂತಿ ಮಾತ್ರ ಬೇಕು ಇವರಿಗೆ. ಅದನ್ನೂ ಬಣ್ಣ ಬಳಿದು.”

ಆ ಮೋಡದ ಬಗ್ಗೆ ತಂಡ ಬರೆದ ಪ್ರಬಂಧದಿಂದ ತನ್ನ ಹೆಸರು ತೆಗೆಯಿರಿ ಎಂದು ಅವಳು ಅಂದೇ ಹೇಳಿಬಂದಳು. ತೆಗೆದರು. ಆದರೆ ಸುದ್ದಿ ಸಾರುವ ಸಮಾರಂಭಕ್ಕೆ ಬರಲೇಬೇಕೆಂದರು, ಊರವರಿಗೆ ನಾಲ್ಕು ಮಾತು ವಿವರಿಸಲು ಅವಳಿಗಿಂತ ಬೇರೆ ಯಾರಿದ್ದಾರೆ ಎಂದರು. ನಾನು ಬೇಡವೆಂದೆ. ಅವಳು, “ಹೋಗ್ತೀನಿ. ವಿವರಿಸಬೇಕಂತಲ್ಲ, ವಿವರಿಸ್ತೀನಿ” ಎಂದಳು.

ಶಾಲೆಯ ಮೈದಾನದಲ್ಲಿ ಪೆಂಡಾಲು, ತುತ್ತೂರಿ ವಾದ್ಯ, ರಾಜಧಾನಿಯಿಂದ ಬಂದ ಅಧಿಕಾರಿಗಳ ಸಾಲು. ಅರಿಸ್ಮೆಂದಿ ಚೆನ್ನಾಗಿ ಮಾತಾಡಿದರು, ಅವರಿಗೆ ಆ ಕಲೆ ಗೊತ್ತು. ಆಮೇಲೆ ಮೈಕು ಅವಳ ಕೈಗೆ ಬಂತು. ಹಾಕಿಕೊಂಡಿದ್ದದ್ದು ಅದೇ ಬೂದು ಸ್ವೆಟರು.

“ನಮ್ಮೂರವರೇ,” ಎಂದಳು. “ಒಂದು ಮೋಡ ಜಾಸ್ತಿ ಹೊಳೀತಿದೆ ಅನ್ನೋದು ನಿಜ. ಯಾಕೆ ಅನ್ನೋದು ನಮಗೆ ಇನ್ನೂ ಗೊತ್ತಿಲ್ಲ. ಹಟ್ಟೀಲಿ ನಾಯಿ ಜೋರಾಗಿ ಬೊಗಳಿದ್ರೆ ಕಳ್ಳರು ಜಾಸ್ತಿ ಇರಬಹುದು, ಇಲ್ಲಾ ನಾಯಿಗಳೇ ಜಾಸ್ತಿ ಇರಬಹುದು. ನಾವು ನಾಯಿ ಎಣಿಸಿಲ್ಲ. ಎಣಿಸದೇನೇ ಕಳ್ಳ ಸಿಕ್ಕಿದ ಅಂತ ಪೆಂಡಾಲು ಹಾಕಿದೀವಿ.”

ಯಾರೋ ಸಿಳ್ಳೆ ಹೊಡೆದರು. ಅರಿಸ್ಮೆಂದಿಯವರ ಸಹಾಯಕ ವೇದಿಕೆಯ ಹಿಂದಕ್ಕೆ ಓಡಿದ. ಮೈಕು ಸತ್ತುಹೋಯಿತು. ಅವಳ ತುಟಿ ಮಾತ್ರ ಆಡುತ್ತಿತ್ತು, ಗಾಳಿಗೆ ಮಾತು ಹಾರಿಹೋಗುತ್ತಿತ್ತು. ಆಗ ನಮ್ಮಮ್ಮ, ಚರ್ಚಿನಲ್ಲಿ ಕೂಡ ದನಿ ಎತ್ತದ ಹೆಂಗಸು, ಕುರ್ಚಿಯ ಮೇಲೆ ಹತ್ತಿ ನಿಂತು ಕೂಗಿದಳು: “ಜೋರಾಗಿ ಹೇಳೇ! ಕುರಿ ಕರೆಯೋ ಹಾಗೆ ಹೇಳು!”

ಕ್ರಿಸಾಂತಾ ಕುರಿ ಕರೆಯುವ ಗಂಟಲಲ್ಲೇ ಹೇಳಿದಳು. “ಈ ಸುದ್ದಿಗೆ ನನ್ನ ಒಪ್ಪಿಗೆ ಇಲ್ಲ! ಆ ಪೋಸ್ಟರಲ್ಲಿರೋದು ನಾನಲ್ಲ!” ವಾದ್ಯದವರಿಗೆ ಸನ್ನೆಯಾಯಿತು. ತುತ್ತೂರಿಯ ಸದ್ದು ಅವಳ ದನಿಯ ಮೇಲೆ ಬಿತ್ತು.

ಮರುದಿನದ ಪತ್ರಿಕೆಯಲ್ಲಿ ತೊಟ್ಟಿಲಿನ ಸುದ್ದಿ ಇತ್ತು, ಅವಳ ಮಾತು ಇರಲಿಲ್ಲ. ವರ್ಷ ತುಂಬಿದಾಗ ಅವಳ ಕೆಲಸವನ್ನು ಮುಂದುವರಿಸಲಿಲ್ಲ. ಕಾರಣ ಕೇಳಿದರೆ, ‘ತಂಡದಲ್ಲಿ ಹೊಂದಿಕೊಳ್ಳುವ ಸ್ವಭಾವವಿಲ್ಲ.’ ಅರಿಸ್ಮೆಂದಿ ಎಲ್ಲರ ಮುಂದೆ ಮರುಗುತ್ತಿದ್ದರಂತೆ: “ಪಾಪ, ಜಾಣ ಹುಡುಗಿ. ಮನಸ್ಸಿನ ಸ್ಥಿಮಿತ ಸಾಲದು.” ಬೈದಿದ್ದರೆ ನಾನು ಸಹಿಸುತ್ತಿದ್ದೆ. ಆ ‘ಪಾಪ’ ಎನ್ನುವ ಮಾತಿಗೆ ನನ್ನ ಮೈ ಉರಿಯುತ್ತದೆ. ಹೆಂಗಸು ಸರಿಯಾದ ಪ್ರಶ್ನೆ ಕೇಳಿದರೆ ಅವಳಿಗೆ ಹುಚ್ಚು. ಗಂಡಸು ತಪ್ಪು ಉತ್ತರ ಹೇಳಿದರೆ ಅವನಿಗೆ ಹಾರ.

ಊರಲ್ಲೂ ಮಾತಾಡಿದರು. ಹೊಸ ತೊಟ್ಟಿ ಬಂದರೆ ಕೂಲಿ ಸಿಗುತ್ತಿತ್ತು, ಇವಳಿಂದ ಹಾಳಾಗುತ್ತದೇನೋ ಎಂಬ ಅಳುಕು ಅವರದು. ಅವರನ್ನು ನಾನು ದೂರುವುದಿಲ್ಲ. ಹೇಗೂ ತೊಟ್ಟಿಗಳಿಗೆ ಒಪ್ಪಿಗೆ ಸಿಕ್ಕಿತು, ಆ ಸುದ್ದಿಯ ಬಲದಿಂದಲೇ.

ಕ್ರಿಸಾಂತಾ ಕೆಳಗಿನ ಪಟ್ಟಣದ ಹೈಸ್ಕೂಲಿನಲ್ಲಿ ಪಾಠ ಹೇಳತೊಡಗಿದಳು. ಸಂಜೆ ಬಂದು ನನ್ನ ಅಂಗಡಿಯಲ್ಲಿ ಮೆಣಸಿನಕಾಯಿ ಹುರಿಯುತ್ತಿದ್ದಳು. ಘಾಟಿಗೆ ಕಣ್ಣಲ್ಲಿ ನೀರು ಬಂದರೆ, ಇದು ಘಾಟೋ ಅಳುವೋ ಎಂದು ನಾನು ಕೇಳುತ್ತಿರಲಿಲ್ಲ. ಒಂದು ದಿನ ಸೌಟು ಕೆಳಗಿಟ್ಟು, “ಆ ಮೋಡದ ತೂಕ ನಾನೇ ತೆಗೀತೀನಿ” ಎಂದಳು.

ಆಚೆ ಬೆಟ್ಟದ ತಟ್ಟೆ ದೂರದರ್ಶಕದಲ್ಲಿ ಇಫಿಗೇನಿಯಾ ಎಂಬ ವಯಸ್ಸಾದ ವಿಜ್ಞಾನಿ ಇದ್ದರು. ಸಿಗರೇಟಿನ ಗೊಗ್ಗರು ದನಿ, ನಗು ಕಡಿಮೆ. ಕ್ರಿಸಾಂತಾ ನನ್ನ ಹಳೆಯ ಟ್ರಕ್ಕಿನಲ್ಲಿ ನನ್ನನ್ನೂ ಕೂರಿಸಿಕೊಂಡು ಅಲ್ಲಿಗೆ ಹೋದಳು. ಆಕೆ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು.

“ಅರಿಸ್ಮೆಂದಿ ಮೇಲೆ ಸೇಡಿಗೆ ಬಂದಿದೀಯೋ, ಮೋಡ ನೋಡಕ್ಕೆ ಬಂದಿದೀಯೋ?”

“ಎರಡಕ್ಕೂ.”

“ಸುಳ್ಳು ಹೇಳಲ್ಲ ನೀನು, ಪರವಾಗಿಲ್ಲ. ಆದ್ರೆ ಕೇಳು. ಅಳತೆ ಅವನ ಕಡೆಗೇ ವಾಲಿದ್ರೆ?”

“ವಾಲಲ್ಲ.”

“ವಾಲಿದ್ರೆ ಅಂದೆ.”

ಅವಳು ಹಲ್ಲು ಕಚ್ಚಿ, “ಹಾಗೇ ಬರೀತೀನಿ” ಎಂದಳು. ಆಕೆ ತಮ್ಮ ವೀಕ್ಷಣೆಯ ಸಮಯದಲ್ಲಿ ಅವಳ ಮೋಡಕ್ಕೂ ಜಾಗ ಕೊಟ್ಟರು.

ಆ ಚಳಿಗಾಲವೆಲ್ಲ ಇಬ್ಬರೂ ಮೋಡದ ಧೂಳು ಅಳೆದರು. ಅನಿಲದ ಹೊಸ ತೂಕ ಸಿಕ್ಕಿತು. ಕ್ರಿಸಾಂತಾ ಊಹಿಸಿದಂತೆಯೇ ಮೋಡ ತುಂಬಾ ಭಾರವಿತ್ತು. ಹೆಚ್ಚಿನ ಹೊಳಪೆಲ್ಲ ಆ ಭಾರದ ಲೆಕ್ಕಕ್ಕೆ ಸರಿಹೋಯಿತು. ನಾನು ಅಂದು ಅಂಗಡಿಯಲ್ಲಿ ಎಲ್ಲರಿಗೂ ಸಿಹಿ ಹಂಚುವುದರಲ್ಲಿದ್ದೆ. ಅವಳು ಮುಖ ಕಪ್ಪಿಟ್ಟುಕೊಂಡು ಬಂದಳು.

“ಏನೇ, ಗೆದ್ದೆ ಅಲ್ವಾ?”

“ದಕ್ಷಿಣದ ಅಂಚಿದೆಯಲ್ಲ ಅಕ್ಕಾ, ಅಲ್ಲಿ ಸ್ವಲ್ಪ ಉಳೀತು. ಎಲ್ಲಾ ಅನಿಲ ಲೆಕ್ಕಕ್ಕೆ ತಗೊಂಡ್ರೂ ಆ ಮೂಲೇಲಿ ಬೆಳಕು ಹೆಚ್ಚೇ ಇದೆ. ಅಲ್ಲಿ ವಿಶ್ವಕಿರಣ ನಿಜವಾಗ್ಲೂ ಜಾಸ್ತಿ.” ಅವಳು ಮೇಜಿಗೆ ಮುಷ್ಟಿಯಿಂದ ಗುದ್ದಿದಳು, ಲೋಟಗಳು ಹಾರಿದವು. “ದರಿದ್ರದ ಮೋಡ! ಅವನಿಗೆ ಒಂದು ತುಣುಕು ಎತ್ತಿಟ್ಟಿದೆ!”

“ಸಣ್ಣ ಮೂಲೆ ತಾನೇ? ಬಿಟ್ಬಿಡು. ಯಾರಿಗೆ ಗೊತ್ತಾಗುತ್ತೆ?” ನನಗೆ ನಿಜಕ್ಕೂ ಹಾಗೇ ಅನ್ನಿಸಿತ್ತು.

ಅವಳು ನನ್ನನ್ನು ನೋಡಿದ ನೋಟಕ್ಕೆ ನಾನು ಒಂದು ಹೆಜ್ಜೆ ಹಿಂದೆ ಸರಿದೆ. “ಅವನು ಮಾಡಿದ್ದನ್ನೇ ಮಾಡು ಅಂತೀಯಾ?” ಎಂದಳು. ಆಮೇಲೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಆ ಮೂಲೆಯನ್ನು ಅವಳು ಬಿಡಲಿಲ್ಲ. ಇಫಿಗೇನಿಯಾರ ಜೊತೆ ಬರೆದ ಪ್ರಬಂಧದ ಮೊದಲ ಪುಟದಲ್ಲೇ ಎರಡನ್ನೂ ಹಾಕಿದಳು: ಮೋಡದ ಬಹುಪಾಲು ಹೊಳಪು ಸಹಜ, ದಕ್ಷಿಣದ ಅಂಚಿನದು ಸಹಜವಲ್ಲ.

ಪುಯೆಬ್ಲಾ ನಗರದಲ್ಲಿ ಅದನ್ನು ಮಂಡಿಸುವ ದಿನ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಅರಿಸ್ಮೆಂದಿ ಮುಂದಿನ ಸಾಲಿನಲ್ಲಿದ್ದರು. ಅವಳು ಮುಗಿಸುತ್ತಿದ್ದಂತೆ ಎದ್ದು ನಿಂತು ಸಭೆಯ ಕಡೆ ತಿರುಗಿ ಕೈ ಚಾಚಿದರು. “ನನ್ನ ಶಿಷ್ಯೆಗೆ ಅಭಿನಂದನೆ. ಅಲ್ಲೊಂದು ಮೂಲ ಇದೆ ಅಂತ ನಾವು ಅಂದು ಹೇಳಿದ್ದನ್ನು ಈಕೆ ಇಂದು ಖಚಿತಪಡಿಸಿದ್ದಾರೆ.”

ಚಪ್ಪಾಳೆ ಶುರುವಾಯಿತು. ನನಗೆ ಚಪ್ಪಲಿ ಕೈಗೆ ಬಂದಂತಾಯಿತು. ಕ್ರಿಸಾಂತಾ ಚಪ್ಪಾಳೆ ನಿಲ್ಲುವವರೆಗೆ ಕಾದಳು.

“ಡಾಕ್ಟ್ರೇ, ನೀವು ಹೇಳಿದ್ದು ಇಡೀ ಮೋಡದ ಬಗ್ಗೆ. ಅದು ತಪ್ಪು. ಈ ಅಂಚಿನ ಬಗ್ಗೆ ನೀವು ಏನೂ ಹೇಳಲಿಲ್ಲ, ಯಾಕಂದ್ರೆ ನಿಮಗೆ ಗೊತ್ತಿರಲಿಲ್ಲ. ತೂಗೋದು ಬೇಡ ಅಂದವರು ನೀವು. ತೂಗಿದ್ದಕ್ಕೇ ಇದು ಸಿಕ್ಕಿದ್ದು. ಕಣ್ಣು ಮುಚ್ಚಿ ಎಸೆದ ಕಲ್ಲು ಹಣ್ಣಿಗೆ ತಾಗಿದ್ರೆ ಅದನ್ನ ಗುರಿ ಅನ್ನಲ್ಲ.”

ವೇದಿಕೆಯ ಮೇಲೆ ಅವಳ ಪಕ್ಕದಲ್ಲಿದ್ದ ಇಫಿಗೇನಿಯಾ ಗೊಗ್ಗರು ದನಿಯಲ್ಲಿ, “ಮುಂದಿನ ಪ್ರಶ್ನೆ” ಎಂದರು. ಅರಿಸ್ಮೆಂದಿ ಕೂತರು. ಅವರ ಕಿವಿ ಕೆಂಪಾಗಿತ್ತು. ಹೊರಗೆ ಮೊಗಸಾಲೆಯಲ್ಲಿ ಅವಳ ಎದುರು ಬಂದು, “ಇನ್ನೂ ಸಿಟ್ಟೇನಮ್ಮ?” ಎಂದರು.

“ಹೌದು,” ಎಂದಳು. ಚಾಚಿದ ಕೈಯನ್ನು ಹಿಡಿಯಲಿಲ್ಲ.

ಮುಂದೆ ಅರಿಸ್ಮೆಂದಿ ಮರ್ಯಾದೆಯಿಂದಲೇ ನಿವೃತ್ತರಾದರು, ಹಾರ ತುರಾಯಿಗಳ ಸಮೇತ. ಆ ಮೊದಲ ಸುದ್ದಿಯನ್ನು ತಿದ್ದಿ ಯಾವ ಪತ್ರಿಕೆಯೂ ಬರೆಯಲಿಲ್ಲ. ಕ್ರಿಸಾಂತಾಳಿಗೆ ಇಫಿಗೇನಿಯಾರ ತಂಡದಲ್ಲಿ ಖಾಯಂ ಕೆಲಸ ಸಿಕ್ಕಿತು. ಆ ದಕ್ಷಿಣದ ಅಂಚಿನಲ್ಲಿ ಏನಿದೆ ಎಂದು ಹುಡುಕುವುದೇ ಈಗ ಅವಳ ಕೆಲಸ. ಅದಕ್ಕೆ ಬೇಕಾದ ಗಾಮಾ ಕಿರಣಗಳು ಸಿಗುವುದು ನಮ್ಮ ಬೆಟ್ಟದ ಹೊಸ ತೊಟ್ಟಿಗಳಿಂದ, ಆ ಸುಳ್ಳು ಸುದ್ದಿಯ ಬಲದಿಂದ ಬಂದ ತೊಟ್ಟಿಗಳಿಂದ. ಅವು ಇಲ್ಲದಿದ್ದರೆ ಅಂಥ ಸಣ್ಣ ಮೂಲೆ ಸ್ಪಷ್ಟವಾಗುವುದೇ ಇಲ್ಲವಂತೆ.

ಮೊನ್ನೆ ಅವಳು ಬೆಟ್ಟಕ್ಕೆ ಹೊರಟಾಗ ಬುತ್ತಿ ಕಟ್ಟುತ್ತಾ ಕೇಳಿದೆ, “ಆ ತೊಟ್ಟಿಗಳನ್ನ ನೋಡಿದ್ರೆ ನಿಂಗೆ ಅಸಹ್ಯ ಆಗಲ್ವೇನೇ?”

“ಆಗುತ್ತೆ ಅಕ್ಕಾ. ಪ್ರತಿ ಸಲ ಆಗುತ್ತೆ,” ಎಂದಳು. “ಮೆಣಸಿನಕಾಯಿ ಇನ್ನೊಂದು ಹಾಕು. ಮೇಲೆ ವಿಪರೀತ ಚಳಿ.”